ಕಪ್ಪು ಪರದೆ ಕಂಡ ಕೂಡಲೇ ಫಾರ್ಮ್ಯಾಟ್ ಬೇಡ

ಲಿನಕ್ಸ್ ಹಾಕಿದ ಕಂಪ್ಯೂಟರ್ ಒಂದು ಮುಂಜಾನೆ ‘ಗ್ರಬ್ ರೆಸ್ಕ್ಯೂ’ ಅಂತ ತೋರಿಸಿ ಸುಮ್ಮನೆ ನಿಂತರೆ, ರಿಪೇರಿ ಅಂಗಡಿಯಲ್ಲಿ ಸಿಗುವ ಮೊದಲ ಸಲಹೆ ಫಾರ್ಮ್ಯಾಟ್. ನಾವು ಇದನ್ನು ಒಪ್ಪುವುದಿಲ್ಲ. ಸಂಘದ ಲೆಕ್ಕ, ಪಹಣಿ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ ಎಲ್ಲಾ ಅದರೊಳಗೇ ಇರುತ್ತವೆ.

ಗ್ರಬ್ ಅಂದರೆ ಗದಗ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಇದ್ದಂಗ. ಯಾವ ಗಾಡಿ ಮೊದಲು ಬಿಡಬೇಕು ಅಂತ ಹೇಳುವುದಷ್ಟೇ ಅದರ ಕೆಲಸ. ಅವರ ಪುಸ್ತಕ ತಪ್ಪಾದರೆ ಮುಂಡರಗಿ ಬಸ್ಸು ಸುಟ್ಟುಹೋಗುವುದಿಲ್ಲ, ನಿಂತಲ್ಲೇ ಇರುತ್ತದೆ. ಡಿಸ್ಕಿನ ಪಾರ್ಟಿಷನ್ ಬದಲಿಸಿದಾಗ, ಲಿನಕ್ಸ್ ಪಕ್ಕದಲ್ಲೇ ವಿಂಡೋಸ್ ಮತ್ತೆ ಹಾಕಿದಾಗ ಆ ಪುಸ್ತಕ ಕೆಡುತ್ತದೆ. ಕೆಲವೊಮ್ಮೆ ಬಯಾಸ್‌ನಲ್ಲಿ ಬೂಟ್ ಕ್ರಮ ಬದಲಾಗಿರುತ್ತದೆ, ಅಷ್ಟೇ. ಮೊದಲು ಅದನ್ನೇ ನೋಡಿ.

ಅದು ಸರಿ ಇದ್ದರೆ ಲಿನಕ್ಸ್ ಮಿಂಟ್ ಇರುವ ಪೆನ್‌ಡ್ರೈವ್ ಚುಚ್ಚಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಶುರು ಮಾಡಿ. ಫೈಲುಗಳನ್ನು ಮೊದಲು ಬೇರೆಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು, ಮೆನುವಿನಲ್ಲಿರುವ ‘ಬೂಟ್ ರಿಪೇರ್’ ಒತ್ತಿ. ಬಹಳಷ್ಟು ಸಲ ಇಷ್ಟಕ್ಕೇ ಮುಗಿಯುತ್ತದೆ. ಡಿಸ್ಕೇ ಕಾಣದಿದ್ದರೆ ಮಾತು ಬೇರೆ, ಅದು ಗ್ರಬ್‌ನ ತಪ್ಪಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕಿ ಅಂತ ಹೇಳುವವರಿಗೆ ಬರವಿಲ್ಲ. ಕೆಟ್ಟಾಗ ಯಾರ ಬಳಿ ಹೋಗಬೇಕು ಅಂತ ಹೇಳುವವರಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲೇ ಲಿನಕ್ಸ್ ಮೇಲೆ ಕಲಿಯುತ್ತಾರೆ. ನಮ್ಮ ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ಪಂಚಾಯ್ತಿ ಅರಿವು ಕೇಂದ್ರಗಳಲ್ಲಿ ಇಂಥದ್ದೊಂದು ಪೆನ್‌ಡ್ರೈವ್, ಅದನ್ನು ಬಳಸಬಲ್ಲ ಒಬ್ಬರು ಇರಲಿ ಅಂತ ಗ್ರಾಮಸಭೆಯಲ್ಲಿ ಕೇಳಿ. 8 ಜಿಬಿ ಸಾಕು.