ಉದ್ಘಾಟನೆಗೆ ಎಲ್ಲರೂ, ರಿಪೇರಿಗೆ ಯಾರು?

ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆ ಸುದ್ದಿಯನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ರಿಬ್ಬನ್, ಶಾಲು, ಹಾರ, ಫೋಟೊ. ಕೆಲವು ತಿಂಗಳು ಕಳೆದ ಮೇಲೆ ಅದೇ ಘಟಕ ಕೆಟ್ಟು ನಿಂತ ಸುದ್ದಿಯನ್ನೂ ನಾವೇ ಬರೆದಿದ್ದೇವೆ. ಫಿಲ್ಟರ್ ಬದಲಿಸುವವರಿಲ್ಲ, ಮೋಟಾರ್ ನೋಡುವವರಿಲ್ಲ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ನೋಡಿಕೊಳ್ಳುವವರ ಹೆಸರು ಎಲ್ಲಿಯೂ ಇರುವುದಿಲ್ಲ.

ಇವತ್ತು ನಾವು ಹೇಳಹೊರಟಿದ್ದು ನೀರಿನ ವಿಷಯವಲ್ಲ. ನಿಮ್ಮ ಕೈಯಲ್ಲಿರುವ ಫೋನಿನ ಒಳಗೂ ಇದೇ ಕಥೆ ನಡೆದಿದೆ.

ಕಳೆದ ತೊಗರಿ ಸುಗ್ಗಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಧಾರಣೆ ಸುದ್ದಿಗಳನ್ನು ಒಂದೇ ಪಟ್ಟಿಗೆ ತರಲು ಹೊರಟೆವು. ಕಾಲೇಜು ಓದುತ್ತಿರುವ ಪರಿಚಯದ ಹುಡುಗಿಯೊಬ್ಬಳು ಪೈಥಾನ್ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದುಕೊಟ್ಟಳು. ಸುದ್ದಿಯನ್ನು ಪದಪದವಾಗಿ ಬಿಡಿಸಿ ಊರಿನ ಹೆಸರು ಹುಡುಕುವುದು ಅದರ ಕೆಲಸ. ಆಳಂದ ‘ಆಳ’ ಮತ್ತು ‘ದ’ ಆಗಿ ಬಂತು. ಅಫಜಲಪುರ ‘ಅಫಜಲಪ’ ಮತ್ತು ‘ರ’ ಆಯಿತು. ಜೇವರ್ಗಿಯಂತೂ ‘ಜ’, ‘ವರ’, ‘ಗ’.

“ಸರ್, ನಮ್ಮೂರು ಮೂರು ತುಂಡಾಗ್ಯಾದ ನೋಡ್ರಿ” ಎಂದಳು ಹುಡುಗಿ. ಅವಳದು ಜೇವರ್ಗಿ.

ತಪ್ಪು ಅವಳದಲ್ಲ. ಅಕ್ಷರ ಯಾವುದು, ಪದ ಎಲ್ಲಿ ಮುಗಿಯುತ್ತದೆ ಎಂದು ಹೇಳಲು ಪೈಥಾನ್‌ನಲ್ಲಿ ಒಂದು ಸಿದ್ಧ ನಿಯಮವಿದೆ. ಆ ನಿಯಮಕ್ಕೆ ಕ, ಗ, ರ ಅಕ್ಷರಗಳು. ಆದರೆ ನಮ್ಮ ಗುಣಿತದ ಚಿಹ್ನೆ, ಸೊನ್ನೆ, ಅರ್ಧಾಕ್ಷರ ಮಾಡುವ ಚಿಹ್ನೆ ಇವು ಯೂನಿಕೋಡ್ ಲೆಕ್ಕದಲ್ಲಿ ಅಕ್ಷರವಲ್ಲ, ಬರೀ ಗುರುತು. ಹಾಗಾಗಿ ಅವು ಬಂದಲ್ಲೆಲ್ಲ ಪದ ಮುರಿಯುತ್ತದೆ. ಜಾವಾಸ್ಕ್ರಿಪ್ಟ್‌ನ ಹಳೆಯ ನಿಯಮ ಇನ್ನೂ ಕಡೆ. ಅದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟರೆ ಕನ್ನಡ ಅಕ್ಷರವೇ ಕಾಣುವುದಿಲ್ಲ.

ಇದನ್ನು ಸರಿಯಾಗಿ ಮಾಡಿದ ಒಂದು ತಂತ್ರಾಂಶವೂ ಇದೆ. ಅದರ ಹೆಸರು ಪಿಗ್ಮೆಂಟ್ಸ್. 2006ರಲ್ಲಿ ಗೇಯೋರ್ಗ್ ಬ್ರಾಂಡ್ಲ್ ಎಂಬವರು ಶುರು ಮಾಡಿದ್ದು. ಕೋಡ್‌ಗೆ ಬಣ್ಣ ಹಚ್ಚುವುದು, ಅಂದರೆ ಸಿಂಟ್ಯಾಕ್ಸ್ ಹೈಲೈಟಿಂಗ್ ಅದರ ಕೆಲಸ. ಪತ್ರಿಕೆಯಲ್ಲಿ ತಲೆಬರಹ ದಪ್ಪ, ಊರಿನ ಹೆಸರು ಬೇರೆ ಅಚ್ಚು ಇದ್ದರೆ ಕಣ್ಣಿಗೆ ಹೇಗೆ ಸಲೀಸೋ, ಹಾಗೆಯೇ ಇದು. ಆಜ್ಞೆಗೆ ಒಂದು ಬಣ್ಣ, ಅಂಕಿಗೆ ಒಂದು, ಉದ್ಧರಣೆಯೊಳಗಿನ ಮಾತಿಗೆ ಇನ್ನೊಂದು. ಹೊಸದಾಗಿ ಕಲಿಯುವ ಮಕ್ಕಳಿಗೆ ತಪ್ಪು ಎಲ್ಲಿದೆ ಎಂದು ತೋರಿಸುವುದೇ ಈ ಬಣ್ಣ. ವಿಕಿಪೀಡಿಯದಲ್ಲಿ ನೀವು ಕಾಣುವ ಬಣ್ಣದ ಕೋಡ್ ಇದೇ ಪಿಗ್ಮೆಂಟ್ಸ್‌ನದು. 500ಕ್ಕೂ ಹೆಚ್ಚು ಕಂಪ್ಯೂಟರ್ ಭಾಷೆ, ಕಡತಗಳ ಗುರುತು ಅದಕ್ಕೆ ಗೊತ್ತು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು.

ಪೈಥಾನ್ 3ರಲ್ಲಿ ‘ಬೆಲೆ’, ‘ಜೇವರ್ಗಿ’ ಎಂದು ಕನ್ನಡದಲ್ಲೇ ಹೆಸರಿಟ್ಟು ಪ್ರೋಗ್ರಾಂ ಬರೆಯಬಹುದು. ಅದನ್ನು ಪಿಗ್ಮೆಂಟ್ಸ್‌ಗೆ ಕೊಟ್ಟರೆ ಜೇವರ್ಗಿ ತುಂಡಾಗುವುದಿಲ್ಲ, ಇಡಿಯಾಗಿಯೇ ಉಳಿಯುತ್ತದೆ. ಯಾಕೆಂದರೆ ಯಾರೋ ಕೂತು, ಸಿದ್ಧ ನಿಯಮ ಸಾಲದೆಂದು ಅರಿತು, ಯಾವ ಚಿಹ್ನೆ ಹೆಸರಿನೊಳಗೆ ಬರಬಹುದು ಎಂಬ ಯೂನಿಕೋಡ್ ಪಟ್ಟಿಯನ್ನೇ ಅದರಲ್ಲಿ ಸೇರಿಸಿದರು. ಅವರು ನಮ್ಮ ಜೇವರ್ಗಿಯ ಹೆಸರು ಕೇಳಿರಲಿಕ್ಕಿಲ್ಲ.

ಆದರೆ ಒಮ್ಮೆ ಮಾಡಿದರೆ ಮುಗಿಯುವ ಕೆಲಸ ಇದಲ್ಲ. ಯೂನಿಕೋಡ್‌ನ ಹೊಸ ಆವೃತ್ತಿ ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತದೆ. ಭಾಷೆಗಳೂ ಬೆಳೆಯುತ್ತವೆ. 2021ರ ಪೈಥಾನ್ 3.10ರಲ್ಲಿ ‘ಮ್ಯಾಚ್’ ಎಂಬುದು ಆಜ್ಞೆಯಾಯಿತು. ಆದರೆ ಕೆಲವು ಕಡೆ ಅದು ಈಗಲೂ ಬರೀ ಹೆಸರು. ಎಲ್ಲಿ ಯಾವುದು ಎಂದು ಕಲಿಸಿಕೊಡಬೇಕು. ಅದೇ ವರ್ಷ ಪಿಗ್ಮೆಂಟ್ಸ್‌ನ ಕೆಲವು ಹಳೆಯ ನಿಯಮಗಳಿಗೆ ಬೇಕೆಂದೇ ಕೆಟ್ಟ ಪಠ್ಯ ಕೊಟ್ಟರೆ ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಬಯಲಾಗಿ, 2.7.4 ಆವೃತ್ತಿಯಲ್ಲಿ ಸರಿಪಡಿಸಿದರು. ಬಾವಿಯ ಹೂಳು ತೆಗೆದಂತೆ, ತೆಗೆಯುತ್ತಲೇ ಇರಬೇಕು.

ತೆಗೆಯುವವರು ಒಬ್ಬರೇ ಆದರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್‌ನಲ್ಲಿ ಜಗತ್ತು ನೋಡಿತು. ಎಕ್ಸ್‌ಝಡ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ದಣಿದಿದ್ದರು. ಸಹಾಯಕ್ಕೆಂದು ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಕೀಲಿಕೈ ಪಡೆದು, ಒಳಗೆ ಕಳ್ಳದಾರಿ ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಲಾಗಿನ್‌ಗೆ ಅರ್ಧ ಸೆಕೆಂಡ್ ಯಾಕೆ ಹೆಚ್ಚು ಹಿಡಿಯುತ್ತಿದೆ ಎಂದು ತಲೆಕೆಡಿಸಿಕೊಂಡಿದ್ದರಿಂದ ಅದು ಸಿಕ್ಕಿಬಿತ್ತು. ಗುಡಿಯ ಕಣಜ ಕಾಯಲು ಒಬ್ಬನೇ ಮುದುಕನನ್ನು ಬಿಟ್ಟು ಊರೆಲ್ಲ ಮಲಗಿದ ಹಾಗಿತ್ತು.

ನಮ್ಮ ಹುಡುಗಿಯ ಕಥೆಗೆ ಬರೋಣ. ಅವಳು ಒಂದೇ ಸಾಲು ಬದಲಿಸಿದಳು. ಯೂನಿಕೋಡ್ ಕನ್ನಡಕ್ಕೆ ಕೊಟ್ಟ 128 ಸ್ಥಾನಗಳ ಇಡೀ ಓಣಿಯನ್ನೇ ಪದದೊಳಗೆ ಸೇರಿಸಿದಳು. ಮೂರೂ ಊರು ಕೂಡಿಕೊಂಡವು. ಪಟ್ಟಿ ಅಚ್ಚಾಯಿತು, ನಾವು ಖುಷಿಪಟ್ಟೆವು. ವಾರದ ಮೇಲೆ ಕೇಳಿದೆವು: “ಇದನ್ನ ಬೇರೆಯವರಿಗೂ ಸಿಗೋ ಹಂಗ ಎಲ್ಲರ ಹಾಕಿದ್ಯೇನವ್ವ?” ಅವಳೆಂದಳು: “ಎಲ್ಲಿ ಹಾಕಬೇಕ್ರಿ ಸರ್? ನಮಗ ಯಾರೂ ಹೇಳಿಲ್ಲ.”

ಆ ಸಾಲು ಇನ್ನೂ ಅವಳ ಲ್ಯಾಪ್‌ಟಾಪ್‌ನಲ್ಲೇ ಇತ್ತು. ನಾಳೆ ಬೀದರಿನಲ್ಲೋ ರಾಯಚೂರಿನಲ್ಲೋ ಇನ್ನೊಂದು ಮಗು ಅದೇ ಕಲ್ಲಿಗೆ ಎಡವುತ್ತದೆ. ಕೆಟ್ಟ ಘಟಕದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ನಾವೂ ನಮ್ಮ ಪಟ್ಟಿ ಸಿಕ್ಕ ಕೂಡಲೇ ಸುಮ್ಮನಾಗಿದ್ದೆವು.

“ನಮ್ಮ ಮಕ್ಕಳಿಗೆ ನೌಕರಿ ಬೇಕು, ಪುಕ್ಕಟೆ ಚಾಕರಿ ಅಲ್ಲ” ಎಂದು ನೀವು ಹೇಳಬಹುದು. ನಾವೂ ಒಪ್ಪುತ್ತೇವೆ. ಕೂಲಿ ಬಿಟ್ಟು ಬಾ ಎಂದು ಬಡವರ ಮಗಳಿಗೆ ಹೇಳುವುದು ತಪ್ಪು. ಅದಕ್ಕೇ ನಾವು ಕೇಳುವುದು ಇಷ್ಟು. ನಮ್ಮ ಭಾಗದ ಕಾಲೇಜುಗಳು ಕೊನೆಯ ವರ್ಷದ ಪ್ರಾಜೆಕ್ಟ್ ಅನ್ನು ಕೊಂಡು ತಂದು ಬೈಂಡ್ ಮಾಡಿಸಿ ಕೊಡುವ ಬದಲು, ಮುಕ್ತ ತಂತ್ರಾಂಶದಲ್ಲಿ ಒಂದು ತಪ್ಪು ತಿದ್ದಿ ಬಂದವರಿಗೆ ಅಂಕ ಕೊಡಲಿ. ಆ ತಿದ್ದುಪಡಿ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ, ನೌಕರಿ ಕೇಳುವಾಗ ತೋರಿಸಬಹುದು. ಸರ್ಕಾರ ಕನ್ನಡ ತಂತ್ರಾಂಶದ ಬಿಡುಗಡೆ ಸಮಾರಂಭಕ್ಕೆ ಎಷ್ಟು ಮುತುವರ್ಜಿ ತೋರುತ್ತದೋ, ಅಷ್ಟನ್ನೇ ಮುಂದಿನ ಐದು ವರ್ಷದ ರಿಪೇರಿಗೂ ತೋರಿ, ಮಾಡುವವರಿಗೆ ಸಂಬಳ ಕೊಡಲಿ.

ಇನ್ನು ಕೋಡ್ ಬಾರದ ನಾವು ನೀವು? ಸುದ್ದಿ ಬರೆಯುವವರಿಗೆ ಬರುವ ಕೆಲಸವೇ ಇದು: ಏನು ಟೈಪ್ ಮಾಡಿದೆ, ಏನು ಬರಬೇಕಿತ್ತು, ಏನು ಬಂತು, ಯಾವ ಫೋನ್. ಈ ನಾಲ್ಕನ್ನು ಸರಿಯಾಗಿ ಬರೆದು ತಂತ್ರಾಂಶ ನೋಡಿಕೊಳ್ಳುವವರಿಗೆ ಕಳಿಸಿದರೆ ಅರ್ಧ ರಿಪೇರಿ ಆದಂತೆ.

ನಮ್ಮ ಕಡೆ ಮುಯ್ಯಾಳಿನ ಪದ್ಧತಿ ಗೊತ್ತಲ್ಲ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಯಾರೋ ಹೊರದೇಶದವರು ನಮ್ಮ ಅಕ್ಷರಕ್ಕೆ ಒಂದು ದಿನದ ಆಳು ಬಂದು ಹೋಗಿದ್ದಾರೆ. ಆ ಮುಯ್ಯಿ ಇನ್ನೂ ಬಾಕಿ ಇದೆ.

ಹುಡುಗಿ ಆ ಸಾಲನ್ನು ವಿವರದೊಂದಿಗೆ ಎಲ್ಲರಿಗೂ ಸಿಗುವಂತೆ ಹಾಕಿದಳು. ಉದಾಹರಣೆಗೆ ಮೂರು ಪದ ಕೊಟ್ಟಿದ್ದಾಳೆ: ಆಳಂದ, ಅಫಜಲಪುರ, ಜೇವರ್ಗಿ.