ಒಂದೇ ಗುರುತಿಗೆ ಹಲವರು ಒಡೆಯರು

ನಮ್ಮ ಹುಲಕೋಟಿಯ ಸುತ್ತಣ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಬಿಳಿಜೋಳದ ಪರಿಚಯವನ್ನು ವಾಚಕರಿಗೆ ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ರೊಟ್ಟಿ ಬಡಿಯುವ ತಾಯಂದಿರಿಗೆ ಅದು ‘ಮಾಲದಂಡಿ’. ಬೀಜದ ಚೀಲದ ಮೇಲೆ ಅದು ‘ಎಮ್ ೩೫-೧’. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ೧೯೩೦ರ ದಶಕದಲ್ಲಿ ನಾಡತಳಿಯಾದ ಮಾಲದಂಡಿಯೊಳಗಿಂದಲೇ ಆರಿಸಿ ತೆಗೆದ ಈ ತಳಿಯು, ಆಮೇಲೆ ಬಂದ ಎಷ್ಟೋ ಹೊಸ ತಳಿಗಳ ನಡುವೆಯೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಕಾಳು ಮುತ್ತಿನಂತೆ ದುಂಡಗೆ, ರೊಟ್ಟಿ ಮೆತ್ತಗೆ, ಕಣಿಕೆ ದನಗಳಿಗೆ ರುಚಿ. ಇಷ್ಟಿದ್ದ ಮೇಲೆ ರೈತನು ಅದನ್ನು ಬಿಡುವುದಾದರೂ ಹೇಗೆ?

ಇನ್ನು ಜನವರಿ ತಿಂಗಳ ನಡುವಿನ ಒಂದು ಇರುಳು, ಸೀತನಿಯ ದಿನಗಳಲ್ಲಿ, ಇದೇ ಜೋಳದ ಹೊಲದ ಬದುವಿನ ಮೇಲೆ ನಿಂತು ಮೇಲಕ್ಕೆ ನೋಡಿರಿ. ಹತ್ತು ಗಂಟೆಯ ಸುಮಾರಿಗೆ ಮಿಥುನರಾಶಿಯು ನೆತ್ತಿಯ ಹತ್ತಿರಕ್ಕೆ ಬಂದಿರುವುದು. ಮಿಥುನದ ಇಬ್ಬರಲ್ಲಿ ಒಬ್ಬನ ಪಾದದ ಬಳಿ, ಬೆಳದಿಂಗಳಿಲ್ಲದ ರಾತ್ರಿ ಚುರುಕುಗಣ್ಣಿನವರಿಗೆ, ಮಂಜಿನ ಹನಿಯಂಥ ಒಂದು ಮಸುಕು ಕಾಣುವುದು. ದುರ್ಬೀನಿನಲ್ಲಿ ನೋಡಿದರೆ ಅದು ಮಂಜಲ್ಲ, ನಕ್ಷತ್ರಗಳ ಗೊಂಚಲು. ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟಲು ಸುಮಾರು ೨,೮೦೦ ವರ್ಷಗಳು ಬೇಕು. ಜ್ಯೋತಿಃಶಾಸ್ತ್ರಜ್ಞರು ಅದಕ್ಕೆ ಕೊಟ್ಟ ಹೆಸರು ‘ಎಮ್ ೩೫’. ಇಲ್ಲಿಯ ‘ಎಮ್’ ಎಂಬುದು ಫ್ರಾನ್ಸ್ ದೇಶದ ಶಾರ್ಲ್ ಮೆಸ್ಸಿಯೇ ಎಂಬವನ ಹೆಸರಿನ ಮೊದಲಕ್ಷರ. ಆತನು ಧೂಮಕೇತುಗಳನ್ನು ಹುಡುಕುವವನು. ಧೂಮಕೇತುವಿನಂತೆ ತೋರಿ ಮೋಸಗೊಳಿಸುವ ಮಸುಕುಗಳನ್ನೆಲ್ಲ ಒಂದು ಯಾದಿಯಲ್ಲಿ ಬರೆದಿಟ್ಟು, ೧೭೭೪ರಲ್ಲಿ ಅದರ ಮೊದಲ ಭಾಗವನ್ನು ಪ್ರಕಟಿಸಿದನು. ಒಂದನ್ನು ಇನ್ನೊಂದೆಂದು ಜನರು ಭ್ರಮಿಸಬಾರದೆಂದೇ ಹುಟ್ಟಿದ ಯಾದಿಯ ಗುರುತು, ಇಂದು ನಮ್ಮೂರ ಜೋಳದ ಗುರುತಿನೊಡನೆ ಬೆರೆತುಹೋಗಿರುವುದನ್ನು ಕಂಡರೆ ಆ ಮಹಾಶಯನು ಏನೆನ್ನುತ್ತಿದ್ದನೋ!

ಅಷ್ಟೇ ಅಲ್ಲ. ಅಮೇರಿಕದ ಸೈನ್ಯದಲ್ಲಿ ಬಹುಕಾಲ ದುಡಿದ ಎರಡೂವರೆ ಟನ್ನಿನ ಲಾರಿಯೊಂದಕ್ಕೂ ‘ಎಮ್ ೩೫’ ಎಂದೇ ಹೆಸರು. ಅಲ್ಲಿಯ ‘ಎಮ್’ ಬರೇ ಮಾದರಿ ಎಂಬರ್ಥದ್ದು. ಜೋಳ, ನಕ್ಷತ್ರ, ಲಾರಿ: ಈ ಮೂರಕ್ಕೂ ಯಾವ ನಂಟೂ ಇಲ್ಲ.

ಇದು ಆಶ್ಚರ್ಯವೆಂದು ತೋರಿದರೂ ಲೆಕ್ಕ ಹಾಕಿದರೆ ಆಶ್ಚರ್ಯವಲ್ಲ. ಇಂಗ್ಲಿಷಿನ ಅಕ್ಷರಗಳು ಇಪ್ಪತ್ತಾರು. ಒಂದೊಂದರ ಮುಂದೆಯೂ ೧ರಿಂದ ೯೯ರ ವರೆಗೆ ಅಂಕಿಗಳನ್ನಿಟ್ಟರೆ ಆಗುವ ಗುರುತುಗಳು ಒಟ್ಟು ೨,೫೭೪ ಮಾತ್ರ. ಇಷ್ಟು ಸಣ್ಣ ಕಣಜದೊಳಗಿಂದಲೇ ಖಗೋಲ, ವೈದ್ಯ, ಕೃಷಿ, ಯಂತ್ರ, ಯುದ್ಧ ಮೊದಲಾದ ಶಾಸ್ತ್ರಗಳೆಲ್ಲ ತಮಗೆ ಬೇಕಾದುದನ್ನು ಅಳೆದುಕೊಳ್ಳಬೇಕು. ಅದರಲ್ಲಿಯೂ ಪ್ರತಿಯೊಬ್ಬರೂ ಎಣಿಕೆಯನ್ನು ಒಂದರಿಂದಲೇ ಆರಂಭಿಸುವುದರಿಂದ ಸಣ್ಣ ಅಂಕಿಗಳ ಬಳಿ ಜಾತ್ರೆಯಷ್ಟು ನೂಕುನುಗ್ಗಲು.

ಇಂಥ ನೂಕುನುಗ್ಗಲು ಹೊಸ ವಿಜ್ಞಾನದಿಂದಲೇ ಬಂದುದೆಂದು ತಿಳಿಯಬಾರದು. ವ್ಯಾಕರಣವನ್ನು ಓದಿದವರು ಬಲ್ಲರು: ಪಾಣಿನಿಯು ವರ್ಣಗಳನ್ನು ಹದಿನಾಲ್ಕು ಸೂತ್ರಗಳಲ್ಲಿ ಜೋಡಿಸಿ, ಪ್ರತಿಯೊಂದರ ಕೊನೆಗೆ ಒಂದು ಗುರುತಿನ ವ್ಯಂಜನವನ್ನಿಟ್ಟನು. ಮೊದಲ ಅಕ್ಷರವನ್ನೂ ಕೊನೆಯ ಗುರುತನ್ನೂ ಸೇರಿಸಿ ಹೇಳಿದರೆ ನಡುವಿನದೆಲ್ಲ ಬಂದಂತಾಯಿತು. ಆಗಿನ ಕಾಲಕ್ಕೆ ಇದಕ್ಕಿಂತ ಬಿಗಿಯಾದ ಸಂಕೇತವು ಜಗತ್ತಿನಲ್ಲಿ ಇನ್ನೆಲ್ಲಿಯೂ ಇದ್ದಿತೆಂದು ನಾವು ನಂಬೆವು. ಆದರೆ ಆ ಮಹರ್ಷಿಯು ‘ಣ’ಕಾರವನ್ನು ಎರಡು ಕಡೆ ಗುರುತಾಗಿ ಬಳಸಿದ್ದಾನೆ; ಮೊದಲನೆಯ ಸೂತ್ರದ ಕೊನೆಗೊಮ್ಮೆ, ಆರನೆಯದರ ಕೊನೆಗೊಮ್ಮೆ. ಹೀಗಾಗಿ ‘ಅಣ್’ ಎಂದರೆ ಅ, ಇ, ಉ ಎಂಬ ಮೂರೇ ಸ್ವರಗಳೋ, ಅಥವಾ ಸ್ವರಗಳೆಲ್ಲವೂ ಹ, ಯ, ವ, ರ, ಲಗಳೂ ಸೇರಿಯೋ ಎಂಬ ಸಂದೇಹವು ಏಳುವುದು. ಸಾಲದುದಕ್ಕೆ ‘ಅಣ್’ ಎಂಬುದೊಂದು ಪ್ರತ್ಯಯವೂ ಉಂಟು. ಶಿವನಿಗೆ ಸಂಬಂಧಪಟ್ಟದ್ದು ‘ಶೈವ’ ಎನ್ನಿಸಿಕೊಳ್ಳುವುದು ಅದರ ಪ್ರಭಾವದಿಂದಲೇ. ಭಾಷ್ಯಕಾರನಾದ ಪತಂಜಲಿಯು ಈ ಸಂದೇಹವನ್ನು ಮುಚ್ಚಿಡದೆ ಎತ್ತಿಕೊಂಡು ಚರ್ಚಿಸಿದ್ದಾನೆ. ಸಂದೇಹವೆದ್ದಿತೆಂದು ನಿಯಮವನ್ನು ಎಸೆಯಲಾಗದು, ಬಲ್ಲವರ ವಿವರಣೆಯಿಂದ ಅದರ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು ಎಂಬುದು ಅಲ್ಲಿಯ ತಾತ್ಪರ್ಯ. ‘ಸೈಂಧವ’ವನ್ನು ತಾ ಎಂದು ಯಜಮಾನನು ಊಟಕ್ಕೆ ಕುಳಿತು ಹೇಳಿದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟು ನಿಂತು ಹೇಳಿದರೆ ಕುದುರೆಯನ್ನೂ ತರಬೇಕೆಂದು ಹಳೆಯ ಪಂಡಿತರು ಮಕ್ಕಳಿಗೆ ಕಲಿಸುತ್ತಿದ್ದುದು ಇದನ್ನೇ. ಇದಕ್ಕೆ ‘ಪ್ರಕರಣ’ವೆಂದು ಹೆಸರು. ಊಟದ ನಡುವೆ ಕುದುರೆಯನ್ನು ತಂದು ನಿಲ್ಲಿಸಿದರೆ ನಗಬಹುದು. ಆದರೆ ಕೆಲವು ಕಡೆ ನಗುವಂತಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ರೈತರಿಗೆ ಕೆಲವು ದಿನಗಳಿಂದ ಕೈಬೆರಳುಗಳು ಜೋಮು ಹಿಡಿದು, ಹಿಡಿದ ಕುಡಗೋಲು ಜಾರುತ್ತಿದ್ದಿತು. ಕುತ್ತಿಗೆಯ ಚಿತ್ರವನ್ನು ತೆಗೆಯಿಸಿ, ಅದರ ವರದಿಯನ್ನು ಮನೆಗೆ ತಂದಿದ್ದರು. ಮತ್ತೆ ವೈದ್ಯರ ಬಳಿಗೆ ಹೋಗಬೇಕಾದುದು ಎರಡು ದಿನಗಳ ಮೇಲೆ. ಅಷ್ಟರೊಳಗೆ ಮೊಮ್ಮಗನು ವರದಿಯಲ್ಲಿ ಕಂಡ ‘ಸಿ ೪’ ಎಂಬ ಎರಡೇ ಅಕ್ಷರಗಳನ್ನು ಮೊಬೈಲಿನಲ್ಲಿ ಒತ್ತಿ ನೋಡಿದನು. ಅದು ಸೈನಿಕರು ಸೇತುವೆಗಳನ್ನು ಹಾರಿಸಲು ಬಳಸುವ ಒಂದು ಸ್ಫೋಟಕ ಎಂದು ಬಂದಿತು. “ಮುತ್ಯಾನ ಕುತ್ತಿಗ್ಯಾಗ ಬಾಂಬ್ ಐತಿ” ಎಂದು ಹುಡುಗನು ಚೇಷ್ಟೆಗೆ ಹೇಳಿದ ಮಾತು ಅಜ್ಜಿಯ ಕಿವಿಗೆ ಬಿದ್ದಿತು. ಆಮೇಲೆ ಹುಡುಗನೇ ಗಾಬರಿಯಾಗಿ ಇನ್ನಷ್ಟು ಹುಡುಕಿದಾಗ, ‘ಸಿ ೪’ಕ್ಕೆ ಪೆಟ್ಟಾದರೆ ಕೈಕಾಲುಗಳ ಚಲನೆ ಹೋಗಬಹುದು, ಉಸಿರಾಟಕ್ಕೂ ಕಷ್ಟವಾಗಬಹುದು ಎಂದು ತೋರಿತು. ಮನೆಯಲ್ಲಿ ಒಲೆ ಹೊತ್ತಲಿಲ್ಲ. ಇಷ್ಟು ದೊಡ್ಡ ರೋಗಕ್ಕೆ ಹಣ ಸುರಿಯುವುದು ಬೇಡ, ಇನ್ನು ದವಾಖಾನೆಯ ಮೆಟ್ಟಿಲನ್ನೇ ಹತ್ತುವುದಿಲ್ಲ ಎಂದು ಹಿರಿಯರು ಹಟ ಹಿಡಿದರು. ಕೈಯಲ್ಲಿ ಬಲ ಕುಗ್ಗುತ್ತಿರುವಾಗ ವೈದ್ಯರನ್ನು ಕಾಣದೆ ದಿನ ತಳ್ಳುವುದೇ ನಿಜವಾದ ಅಪಾಯವೆಂಬುದನ್ನು ಅವರಿಗೆ ತಿಳಿಸುವವರಾರು?

ಕೊನೆಗೆ ಸೊಸೆಯು ಆ ಕಾಗದವನ್ನು ತಂದು, “ಮಾಸ್ತರ, ಇದನ್ನಟ ನೋಡ್ರಿ” ಎಂದು ನಮ್ಮ ಮುಂದಿಟ್ಟಳು. ನಾವು ವೈದ್ಯರಲ್ಲ; ರೋಗದ ಮಾತನ್ನು ಆಡಲಿಲ್ಲ. ಕಾಗದದ ತಲೆಬರಹವನ್ನು ಮಾತ್ರ ಓದಿ ತಿಳಿಸಿದೆವು. ಕುತ್ತಿಗೆಯಲ್ಲಿ ಏಳು ಮಣಿಗಳು. ಲ್ಯಾಟಿನಿನಲ್ಲಿ ಕುತ್ತಿಗೆಗೆ ಇರುವ ಹೆಸರಿನ ಮೊದಲಕ್ಷರವೇ ‘ಸಿ’. ಮೇಲಿಂದ ಎಣಿಸಿದರೆ ನಾಲ್ಕನೆಯ ಮಣಿ ‘ಸಿ ೪’. ಅದು ನಿಮ್ಮ ಕುತ್ತಿಗೆಯಲ್ಲಿಯೂ ಇದೆ, ನಮ್ಮ ಕುತ್ತಿಗೆಯಲ್ಲಿಯೂ ಇದೆ. ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಮೆತ್ತೆ ಸವೆದಿದೆ ಎಂದಷ್ಟೇ ವರದಿಯಲ್ಲಿ ಬರೆದಿದ್ದಿತು. ಹೊಲದ ಸರ್ವೆ ನಂಬರು ಹೊಲವು ಎಲ್ಲಿದೆಯೆಂಬುದನ್ನು ಹೇಳುವುದೇ ಹೊರತು ಅದರಲ್ಲಿ ಬೆಳೆ ಬಂದಿದೆಯೋ ಕಸ ಬೆಳೆದಿದೆಯೋ ಎಂಬುದನ್ನು ಹೇಳಲಾರದು, ಅದರಂತೆಯೇ ಇದೂ ಎಂದು ನಾವು ಹೇಳಿದಾಗ ಹಿರಿಯರ ಮುಖವು ಸ್ವಲ್ಪ ತಿಳಿಯಾಯಿತು. ಗೊತ್ತಾದ ದಿನವೇ ಅವರು ವೈದ್ಯರ ಬಳಿಗೆ ಹೋದರು, ಔಷಧೋಪಚಾರವು ನಡೆದಿದೆ.

ವಿನೋದವೆಂದರೆ, ಆ ಹಿರಿಯರು ಜೀವಮಾನವೆಲ್ಲ ಬೆಳೆದ ಜೋಳವೂ ‘ಸಿ ೪’ ಜಾತಿಯದೇ. ಬಹುತೇಕ ಗಿಡಗಳು ಬಿಸಿಲಿನ ಬಲದಿಂದ ಗಾಳಿಯೊಳಗಿನ ಇಂಗಾಲವನ್ನು ಹಿಡಿಯುವಾಗ ಮೊದಲು ಮೂರು ಇಂಗಾಲದ ಕಣಗಳುಳ್ಳ ವಸ್ತುವನ್ನು ಮಾಡಿಕೊಳ್ಳುವುವು. ಜೋಳ, ಗೋವಿನಜೋಳ, ಕಬ್ಬು ಮೊದಲಾದವು ನಾಲ್ಕು ಕಣಗಳ ವಸ್ತುವನ್ನು ಮಾಡಿಕೊಳ್ಳುವುವು. ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬಿಬ್ಬರು ಕಬ್ಬಿನ ಎಲೆಯಲ್ಲಿ ಈ ಹಾದಿಯನ್ನು ಶೋಧಿಸಿ ೧೯೬೬ರಲ್ಲಿ ವಿವರಿಸಿದರು. ಈ ಉಪಾಯದಿಂದ ಎಲೆಯು ತನ್ನ ರಂಧ್ರಗಳನ್ನು ಬಹಳ ತೆರೆಯದೆಯೇ ಬೇಕಾದಷ್ಟು ಇಂಗಾಲವನ್ನು ಪಡೆಯುವುದು; ನೀರು ಉಳಿಯುವುದು. ಹಿಂಗಾರಿ ಮಳೆ ನಿಂತ ಮೇಲೆ ಎರೆಯೊಳಗಿನ ಹಸಿಯೊಂದನ್ನೇ ನಂಬಿ ಜೋಳವು ತೆನೆ ಕಟ್ಟುವುದಕ್ಕೆ ಇದೂ ಒಂದು ಕಾರಣ.

ಆ ಮಳೆಯ ಸುದ್ದಿಯನ್ನು ತರುವ ಕಡೆಯಲ್ಲಿಯೂ ‘ಸಿ ೪’ ಉಂಟು. ಶ್ರೀಹರಿಕೋಟೆಯಿಂದ ೨೦೦೨ರ ಸೆಪ್ಟೆಂಬರ ೧೨ರಂದು ಹಾರಿದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಗುರುತು ‘ಸಿ ೪’. ಪರೀಕ್ಷೆಯ ಹಾರಾಟಗಳು ಮುಗಿದ ತರುವಾಯ ಮುಂದುವರಿದ ಸಾಲಿನ ನಾಲ್ಕನೆಯದು ಎಂದು ಅದರರ್ಥ. ಅದು ಹೊತ್ತೊಯ್ದುದು ಹವೆಯನ್ನು ನೋಡುವ ಉಪಗ್ರಹವನ್ನು. ಕಲ್ಪನಾ ಚಾವ್ಲಾ ತೀರಿಕೊಂಡ ಮೇಲೆ ೨೦೦೩ರಲ್ಲಿ ಅದಕ್ಕೆ ‘ಕಲ್ಪನಾ-೧’ ಎಂದು ಹೆಸರಿಟ್ಟರು. ನಮ್ಮ ಹಾಸನದ ನಿಯಂತ್ರಣಕೇಂದ್ರವು ಅದನ್ನು ನೋಡಿಕೊಂಡಿತು. ಹಲವು ವರ್ಷ ಅದು ಮೋಡಗಳ ಚಿತ್ರಗಳನ್ನು ಕಳಿಸಿತು.

ಹತ್ತಿಯ ಕಡೆಗೆ ಬಂದರೂ ಇದೇ ಕತೆ. ವ್ಯಾಪಾರದ ಬೇಸಾಯಕ್ಕೆಂದು ಜಗತ್ತಿನಲ್ಲಿಯೇ ಮೊದಲು ಬಂದ ಮಿಶ್ರತಳಿಯ ಹತ್ತಿಯು ಸುರತದಲ್ಲಿ ಸಿ. ಟಿ. ಪಟೇಲರು ೧೯೭೦ರಲ್ಲಿ ಹೊರತಂದ ‘ಎಚ್ ೪’. ಗುಜರಾಥಿಗಳು ಅದನ್ನು ‘ಸಂಕರ-೪’ ಎಂದು ಕರೆದರು. ಈ ಹೆಸರು ನಮ್ಮ ಕಿವಿಗೆ ಹಿತವಾಗಿದೆ. ಆದರೆ ‘ಎಚ್ ೪’ ಎಂಬುದು ಇಂಗ್ಲಂಡಿನ ಜಾನ್ ಹ್ಯಾರಿಸನ್ ೧೭೫೯ರಲ್ಲಿ ಮುಗಿಸಿದ ಹಡಗಿನ ಗಡಿಯಾರಕ್ಕೂ ಹೆಸರು. ನಡುಗಡಲಿನಲ್ಲಿ ಹಡಗಿನ ರೇಖಾಂಶವನ್ನು ಗೊತ್ತುಮಾಡಲು ನಾವಿಕರಿಗೆ ಅದರಿಂದ ದಾರಿ ತೆರೆಯಿತು. ಮೋಟಾರುಗಳ ಮುಂದೀಪದಲ್ಲಿ ಹಾಕುವ, ಎರಡು ತಂತುಗಳುಳ್ಳ ಬಲ್ಬಿಗೂ ಅದೇ ಹೆಸರು. ಗದಗಿನ ಪೇಟೆಯಲ್ಲಿ ‘ಎಚ್ ೪ ಕೊಡಿರಿ’ ಎಂದರೆ ಅಂಗಡಿ ಯಾವುದೆಂಬುದರ ಮೇಲೆ ಉತ್ತರವು ನಿಲ್ಲುವುದು.

ಈ ವಿಷಯದಲ್ಲಿ ನಮ್ಮ ಧಾರವಾಡದವರ ಜಾಣತನವನ್ನು ಹೊಗಳಲೇಬೇಕು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಬಿ. ಎಚ್. ಕಟರ್ಕಿಯವರು ೧೯೭೨ರಲ್ಲಿ ಕೊಟ್ಟ ತಳಿಗೆ ‘ವರಲಕ್ಷ್ಮೀ’ ಎಂಬ ಹೆಸರೇ ಬಂದಿತು. ೧೯೮೧ರಲ್ಲಿ ಬಂದ ‘ಜಯಲಕ್ಷ್ಮೀ’ಗೆ ಹೆಸರಿನೊಡನೆ ‘ಡಿ.ಸಿ.ಎಚ್. ೩೨’ ಎಂಬ ಗುರುತನ್ನೂ ಇಟ್ಟರು: ಧಾರವಾಡ, ಹತ್ತಿ, ಮಿಶ್ರತಳಿ, ಆಮೇಲೆ ಅಂಕಿ. ಊರೂ ಬೆಳೆಯೂ ಜಾತಿಯೂ ಗುರುತಿನೊಳಗೇ ಇರುವುದರಿಂದ ಅದನ್ನು ಗಡಿಯಾರವೆಂದಾಗಲಿ ಬಲ್ಬೆಂದಾಗಲಿ ಯಾರೂ ತಿಳಿಯರು. ೨೦೦೨ರಿಂದೀಚೆಗೆ ಬಿ.ಟಿ. ಹತ್ತಿಯು ಹರಡಿದಂತೆ ಈ ಲಕ್ಷ್ಮಿಯರು ಹಿಂದೆ ಸರಿದರು. ಹಳೆಯ ರೈತರ ಬಾಯಲ್ಲಿ ಹೆಸರು ಉಳಿದಿದೆ.

ಭೂಮಿಯ ಕಾಗದಪತ್ರಗಳಲ್ಲಿಯೂ ಈ ಎಚ್ಚರವೇ ಬೇಕು. ೩೫ನೆಯ ಸರ್ವೆ ನಂಬರು ಹುಲಕೋಟಿಯೊಂದರದೇ ಸೊತ್ತಲ್ಲ. ಪ್ರತಿಯೊಂದು ಗ್ರಾಮದ ಎಣಿಕೆಯೂ ಒಂದರಿಂದಲೇ ಹೊರಡುವುದು. ಆದುದರಿಂದ ಪತ್ರದಲ್ಲಿ ಗ್ರಾಮದ ಹೆಸರು, ಸರ್ವೆ ನಂಬರು, ಹಿಸ್ಸೆ, ಚತುಃಸೀಮೆ, ಇವೆಲ್ಲವೂ ಕೂಡಿದಾಗಲೇ ಹೊಲವು ಹೊಲವಾಗುವುದು. ನಾಲ್ಕು ದಿಕ್ಕಿನ ಚಕ್ಕಬಂದಿಯನ್ನು ಬರೆಯುವ ಹಳೆಯ ಪದ್ಧತಿಯನ್ನು ದಂಡದ ಮಾತೆಂದು ಹಳಿಯುವ ತರುಣರು ಇದನ್ನು ಗಮನಿಸಬೇಕು.

ಇನ್ನೊಂದು ತೊಡಕು ಇರುವುದು ನಮ್ಮೂರಿನ ಬಾಗಿಲಲ್ಲಿಯೇ. ಅಂಕೋಲೆಯಿಂದ ಹುಬ್ಬಳ್ಳಿ, ಗದಗ, ಬಳ್ಳಾರಿಗಳ ಮೇಲೆ ಗುತ್ತಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಗೆ ಮೊದಲು ೬೩ ಎಂಬ ಅಂಕಿಯಿದ್ದಿತು. ೨೦೧೦ರಲ್ಲಿ ಸರಕಾರದವರು ದೇಶದ ಹೆದ್ದಾರಿಗಳಿಗೆಲ್ಲ ಹೊಸ ಅಂಕಿಗಳನ್ನು ಗೊತ್ತುಮಾಡಿದಾಗ ನಮ್ಮ ಊರಿನ ದಾರಿಯು ೬೭ ಆಯಿತು. ೬೩ ಎಂಬ ಅಂಕಿಯು ತೆಲಂಗಾಣದ ನಿಜಾಮಾಬಾದಿನ ಮೇಲೆ ಹಾದು ಜಗದಲಪುರದ ಕಡೆಗೆ ಹೋಗುವ ಬೇರೊಂದು ದಾರಿಗೆ ಸಂದಿತು. ಹಳಬರ ಬಾಯಲ್ಲಿ ಇನ್ನೂ ೬೩ ಉಳಿದಿದೆ; ಹೊಸಬರು ೬೭ ಎನ್ನುವರು. ನಡುರಾತ್ರಿ ಗಾಡಿ ಮಗುಚಿ ೧೦೮ಕ್ಕೆ ಕರೆಮಾಡುವ ಪ್ರಸಂಗ ಬಂದರೆ ಅಂಕಿಯನ್ನು ಬದಿಗಿಟ್ಟು, ‘ಹುಬ್ಬಳ್ಳಿ-ಗದಗ ದಾರಿ, ಅಣ್ಣಿಗೇರಿ ದಾಟಿ ಹುಲಕೋಟಿಯ ಈಚೆಗೆ’ ಎಂದು ಹೇಳಬೇಕೆಂದು ನಾವು ನಮ್ಮ ಮನೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ.