ಓಟಕ್ಕೆ ಕಥೆಯ ಹಂಗೇಕೆ?

ಪಂದ್ಯದ ವಿಡಿಯೋ ಗೇಮುಗಳಿಗೆ ಒಂದು ಕಥೆ ಇರಬೇಕೆ, ಬೇಡವೆ? ಅರುವತ್ತು ದಾಟಿದ, ಆಯುಷ್ಯದ ಬಹುಭಾಗವನ್ನು ಪ್ರೌಢಶಾಲೆಯಲ್ಲಿ ಪಾಠ ಹೇಳುವುದರಲ್ಲೇ ಕಳೆದ ಮನುಷ್ಯನೊಬ್ಬ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇದು ಎಂದು ನಿಮ್ಮಲ್ಲಿ ಕೆಲವರು ನಕ್ಕಾರು. ಧಾರಾಳವಾಗಿ ನಗಿ. ನಾನಾಗಿ ಈ ಪ್ರಶ್ನೆಯನ್ನು ಹುಡುಕಿಕೊಂಡು ಹೋದವನಲ್ಲ. ಅದೇ ನನ್ನನ್ನು ಹುಡುಕಿಕೊಂಡು ಉಜಿರೆಯವರೆಗೆ ಬಂತು.

ನನ್ನಲ್ಲಿ ಓದಿ, ಈಗ ಬೆಂಗಳೂರಿನಲ್ಲಿ ಇಂಥ ಆಟಗಳನ್ನು ತಯಾರಿಸುವ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಮೊಬೈಲಿಗಾಗಿ ಕಂಬಳದ ಆಟವೊಂದನ್ನು ರೂಪಿಸುತ್ತಿದ್ದಾನೆ. ಕೇಳಿ ಸಂತೋಷವಾಯಿತು. ಅದಕ್ಕೊಂದು ಕಥೆಯನ್ನು ಹೊಸೆದು, ಪಾತ್ರಗಳ ಮಾತನ್ನು ನಾನು ಬರೆದುಕೊಡಬೇಕೆಂದು ಕೇಳಿದ. ಕಥೆ ಏನೆಂದರೆ, ತಂದೆಯಿಲ್ಲದ ಹುಡುಗ. ಸಾಲಕ್ಕೆ ಅವನ ಕೋಣಗಳನ್ನು ಎಳೆದೊಯ್ದ ದುಷ್ಟ ಧನಿ. ಮದುವೆಗೆ ಬಂದ ತಂಗಿ. ಸಂಚಿಗೆ ಬಲಿಯಾದ ಅಣ್ಣ, ಅವನ ಸೇಡು. ಹನ್ನೆರಡು ಕಂಬಳಗಳನ್ನು ಗೆದ್ದರೆ ಕೊನೆಗೆ ಧನಿಯ ಕೋಣಗಳ ಎದುರು ಓಟ. ಪ್ರತಿ ಓಟಕ್ಕೂ ಮುನ್ನ ಎರಡು ನಿಮಿಷ ಸಂಭಾಷಣೆ. “ಕಥೆ ಇಲ್ಲದಿದ್ದರೆ ಜನ ಹತ್ತು ನಿಮಿಷ ಆಡಿ ಬಿಟ್ಟುಬಿಡ್ತಾರೆ ಸರ್” ಎಂಬುದು ಅವನ ವಾದ. ನಾನು ಬರೆಯುವುದಿಲ್ಲ ಎಂದೆ. ಫೋನಿನಲ್ಲಿ ಹೇಳಿದ ಕಾರಣ ಅವನಿಗೆ ಸಾಕಾದಂತೆ ತೋರಲಿಲ್ಲ. ಆದ್ದರಿಂದ ಇಷ್ಟುದ್ದದ ಬರಹ.

ನಾನು ಕಥೆಯ ವಿರೋಧಿಯಲ್ಲ ಎಂಬುದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತು. ರಾತ್ರಿಯಿಡೀ ಬಯಲಾಟ ನೋಡಿ ಬೆಳಿಗ್ಗೆ ನೇರವಾಗಿ ಶಾಲೆಗೆ ಬಂದು ಹಾಜರಿ ಕರೆದವನು ನಾನು. ಕಥೆಗೆ ಅದರದೇ ಆದ ಜಾಗವಿದೆ, ಅದರದೇ ಆದ ಹೊತ್ತೂ ಇದೆ. ನನ್ನ ತಕರಾರು, ಅದನ್ನು ಓಟದ ಹೆಗಲ ಮೇಲೆ ಹೇರುವ ಈ ಹೊಸ ಚಾಳಿಯ ಬಗ್ಗೆ.

ಆರ್ಕೇಡ್ ಎಂಬ ಹೆಸರು ಎಲ್ಲಿಂದ ಬಂತೆಂದು ಮೊದಲು ನೆನಪಿಸಿಕೊಳ್ಳೋಣ. ಅದು ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ ಮಳಿಗೆ. ನಾಣ್ಯ ಒಳಗೆ ಬೀಳುತ್ತದೆ, ಗಡಿಯಾರ ಓಡತೊಡಗುತ್ತದೆ, ಕೆಲವೇ ನಿಮಿಷಗಳಲ್ಲಿ ಗೆಲುವೋ ಸೋಲೋ ತೀರ್ಮಾನವಾಗುತ್ತದೆ. ಜಪಾನಿನ ನಾಮ್ಕೊ ಕಂಪೆನಿಯ ‘ಪೋಲ್ ಪೊಸಿಷನ್’ 1982ರಲ್ಲಿ ಬಂದಾಗ ಅದರಲ್ಲಿದ್ದದ್ದು ಒಂದು ಕಾರು, ಒಂದು ರಸ್ತೆ, ಒಂದು ಗಡಿಯಾರ. 1986ರಲ್ಲಿ ಸೆಗಾ ಕಂಪೆನಿಗಾಗಿ ಯು ಸುಜುಕಿ ಎಂಬವರು ‘ಔಟ್ ರನ್’ ಮಾಡಿದರು. ಮಾಡು ತೆರೆದ ಕೆಂಪು ಕಾರು, ಅದರಲ್ಲೊಬ್ಬ ಗಂಡಸು, ಪಕ್ಕದಲ್ಲೊಬ್ಬಳು ಹುಡುಗಿ. ಅವರು ಯಾರು, ಎಲ್ಲಿಗೆ ಹೊರಟವರು, ಮನೆಯಲ್ಲಿ ಹೇಳಿ ಬಂದಿದ್ದಾರೋ ಇಲ್ಲವೋ, ಒಂದು ಮಾತೂ ಇಲ್ಲ. ಹೊರಡುವ ಮುನ್ನ ರೇಡಿಯೋದಲ್ಲಿ ಯಾವ ಸಂಗೀತ ಬೇಕೆಂದು ಆರಿಸಿಕೊಳ್ಳಬಹುದು. ಒಂದೊಂದು ಹಂತದ ಕೊನೆಯಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೋ ಬಲಕ್ಕೋ ಆಡುವವನೇ ನಿರ್ಧರಿಸಬೇಕು. ಹೀಗೆ ಕವಲೊಡೆದು ಐದು ಬೇರೆ ಬೇರೆ ಗುರಿಗಳನ್ನು ಸೇರಬಹುದು. ನಮ್ಮ ಉಜಿರೆ ಪೇಟೆಯಲ್ಲಿ ನಿಂತವನಿಗೆ ಒಂದು ದಾರಿ ಧರ್ಮಸ್ಥಳಕ್ಕೆ, ಇನ್ನೊಂದು ಚಾರ್ಮಾಡಿ ಘಾಟಿಗೆ ಹೋಗುವಂತೆ. ಯಾವ ದಾರಿ ಹಿಡಿದರೆ ಏನು ಸಿಗುತ್ತದೆಂದು ಹೇಳಿಕೊಡಲು ಅಲ್ಲಿ ಸೂತ್ರಧಾರನೊಬ್ಬ ಬೇಕಾಗಲಿಲ್ಲ. ಸುಮಾರು ನಲ್ವತ್ತು ವರ್ಷಗಳ ಬಳಿಕವೂ ಆ ಆಟವನ್ನು ಜನ ಪ್ರೀತಿಯಿಂದ ನೆನೆಯುತ್ತಾರೆ.

ಇಲ್ಲಿ ನಿಮ್ಮಲ್ಲಿ ಕೆಲವರ ಗುಟ್ಟನ್ನೂ ಬಯಲು ಮಾಡಬೇಕಾಗಿದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೊನೆಯ ಪಿರಿಯಡ್ ತಪ್ಪಿಸಿ ಸೈಬರ್ ಕೆಫೆಗೆ ಹೋಗುತ್ತಿದ್ದವರು ಯಾರೆಂದು ನನಗೆ ತಿಳಿದಿತ್ತು. ನೀವು ಆಡುತ್ತಿದ್ದದ್ದು ‘ರೋಡ್ ರ‍್ಯಾಷ್’. ಬೈಕಿನಲ್ಲಿ ಹೋಗುತ್ತಲೇ ಪಕ್ಕದ ಸವಾರನಿಗೆ ಒದೆಯುವ, ಸರಪಳಿಯಿಂದ ಬಾರಿಸುವ ಆಟ. (ಒದೆಯುವುದು ತಪ್ಪೆಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.) ಅದರ ಕಂಪ್ಯೂಟರ್ ಆವೃತ್ತಿಯಲ್ಲಿ ಓಟಗಳ ನಡುವೆ ನಟರನ್ನಿಟ್ಟು ತೆಗೆದ ಪುಟ್ಟ ಚಿತ್ರಗಳಿದ್ದವು. ಕಂಪೆನಿಯವರು ಹಣ ಸುರಿದು ತೆಗೆದ ಆ ಚಿತ್ರಗಳನ್ನು ನಿಮ್ಮಲ್ಲಿ ಯಾರಾದರೂ ಪೂರ್ತಿ ನೋಡಿದ್ದೀರಾ? ಗಂಟೆಗಿಷ್ಟು ಎಂದು ಹಣ ತೆತ್ತು ಕುಳಿತವರಿಗೆ ಆ ವ್ಯವಧಾನವೆಲ್ಲಿತ್ತು! ಕೀಲಿಮಣೆ ಕುಟ್ಟಿ ಅದನ್ನು ದಾಟಿಸಿ ರಸ್ತೆಗೆ ಇಳಿಯುತ್ತಿದ್ದಿರಿ. ಅಂದು ನಿಮ್ಮ ಬೆರಳುಗಳು ಕೊಟ್ಟ ತೀರ್ಪನ್ನೇ ಇಂದು ನಾನು ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಆದರೆ ಕಥೆ ಬೇಸರದ್ದು ಎಂಬುದಷ್ಟೇ ನನ್ನ ಆಕ್ಷೇಪವಲ್ಲ. ಬೇಸರವಾದರೆ ದಾಟಿಸಬಹುದು. ಅದಕ್ಕಿಂತ ಘೋರವಾದದ್ದು ಇನ್ನೊಂದಿದೆ.

ನನ್ನ ಮಗ ಪಿಯುಸಿ ಓದುತ್ತಿದ್ದಾಗ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಎಂಬ ಆಟವನ್ನು ಮನೆಗೆ ತಂದಿದ್ದ. 2005ರ ಆಟ. ಅದಕ್ಕೆ ಭರ್ಜರಿ ಕಥೆಯಿದೆ. ಆರಂಭದಲ್ಲಿ ನಾಯಕನಿಗೆ ಒಂದು ಸೊಗಸಾದ ಬಿಎಂಡಬ್ಲ್ಯು ಕಾರು. ರೇಜರ್ ಎಂಬ ಖಳನ ಜತೆ ಓಟ. ಆ ಓಟದಲ್ಲಿ ಏನು ಮಾಡಿದರೂ ನೀವು ಗೆಲ್ಲುವಂತಿಲ್ಲ. ಖಳನ ಕಡೆಯವರು ಮೊದಲೇ ಕಾರನ್ನು ಕೆಡಿಸಿಟ್ಟಿದ್ದಾರೆ. ನಡುದಾರಿಯಲ್ಲಿ ಅದು ಕೈಕೊಡುತ್ತದೆ, ಕಾರು ರೇಜರನ ಪಾಲಾಗುತ್ತದೆ. ಯಾಕೆಂದರೆ ಮುಂದೆ ಹದಿನೈದು ಜನರ ಪಟ್ಟಿಯನ್ನು ಒಬ್ಬೊಬ್ಬರಾಗಿ ಸೋಲಿಸಿ ಸೇಡು ತೀರಿಸಿಕೊಳ್ಳುವ ಕಥೆಗೆ ಈ ಸೋಲು ಬೇಕು. ನನ್ನ ಮಗನಿಗೆ ಅದು ತಿಳಿಯದು. ತನ್ನ ಕೈಯದೇ ತಪ್ಪೆಂದು ತಿಳಿದು ಆಟವನ್ನು ಮೂರು ಬಾರಿ ಮೊದಲಿನಿಂದ ಆಡಿದ. ಮೂರು ಬಾರಿಯೂ ಕಾರು ಅದೇ ರೀತಿ ಕೆಟ್ಟಿತು. ಗೊತ್ತಾದಾಗ ಅವನು ನಕ್ಕುಬಿಟ್ಟ, ನನಗೆ ಮಾತ್ರ ಮೈ ಉರಿಯಿತು. ಅಂಕಪಟ್ಟಿಯನ್ನು ಮೊದಲೇ ಬರೆದಿಟ್ಟು ಹುಡುಗನನ್ನು ಪರೀಕ್ಷೆಗೆ ಕೂರಿಸಿದರೆ ಅದಕ್ಕೆ ಏನೆನ್ನುತ್ತೀರಿ?

ನನ್ನ ವಾದದ ತಿರುಳು ಇರುವುದು ಇಲ್ಲಿಯೇ. ಕಥೆ ಬರೆದವನಿಗೆ ಕೊನೆ ಗೊತ್ತಿರುತ್ತದೆ. ಓಟದ ಕೊನೆ ಯಾರಿಗೂ ಗೊತ್ತಿರಕೂಡದು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಒಂದು ಇನ್ನೊಂದನ್ನು ಎಳೆದು ಬೀಳಿಸಲೇಬೇಕು, ಮತ್ತು ಬೀಳುವುದು ಯಾವಾಗಲೂ ಓಟವೇ. ಸಿನೆಮಾದಲ್ಲಿ ಈ ತೊಡಕಿಲ್ಲ. 2022ರ ‘ಕಾಂತಾರ’ದಲ್ಲಿ ನಾಯಕ ಕೋಣ ಓಡಿಸುವಾಗ ಅವನೇ ಗೆಲ್ಲುತ್ತಾನೆಂದು ಥಿಯೇಟರಿನಲ್ಲಿದ್ದ ಮಗುವಿಗೂ ಗೊತ್ತಿತ್ತು, ಆದರೂ ಶಿಳ್ಳೆ ಹೊಡೆದೆವು. ಯಾಕೆಂದರೆ ನಾವು ಅಲ್ಲಿ ನೋಡುವವರು. ಆಟದಲ್ಲಿ ಹಗ್ಗ ನಮ್ಮ ಕೈಯಲ್ಲಿದೆ. ಹಗ್ಗವನ್ನು ಕೈಗೆ ಕೊಟ್ಟು ಫಲಿತಾಂಶವನ್ನು ಕಿಸೆಯಲ್ಲಿಟ್ಟುಕೊಂಡರೆ ಅದು ವಂಚನೆ. ಇನ್ನು ಎರಡನೆಯವನಾಗಿ ಬಂದ ಹುಡುಗನ ಗತಿ? ಅವನಿಗೆ ಕಥೆಯೊಳಗೆ ಜಾಗವೇ ಇಲ್ಲ. ಗೆಲ್ಲುವ ತನಕ ಅದೇ ಓಟವನ್ನು ಮತ್ತೆ ಮತ್ತೆ ಓಡಬೇಕು, ಇಲ್ಲವಾದರೆ ತಂಗಿಯ ಮದುವೆ ನಿಲ್ಲುತ್ತದೆ!

ಹಾಗಾದರೆ ಬರೀ ಎರಡು ಗೆರೆಗಳ ನಡುವೆ ಓಡುವುದೇ ಎಂದು ಕೇಳುವಿರಿ. ಅಲ್ಲ. ಕಂಬಳದವರು ಇದಕ್ಕೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದಾರೆ, ನಾವು ಅದನ್ನು ಗಮನಿಸಿಲ್ಲ ಅಷ್ಟೆ. ಜೋಡುಕರೆ ಕಂಬಳಗಳ ಹೆಸರುಗಳನ್ನು ಒಮ್ಮೆ ಹೇಳಿಕೊಳ್ಳಿ. ಮೂಡುಬಿದಿರೆಯದು ಕೋಟಿ-ಚೆನ್ನಯ. ನಮ್ಮ ತಾಲೂಕಿನ ವೇಣೂರಿನದು ಸೂರ್ಯ-ಚಂದ್ರ. ಬಂಟ್ವಾಳ ತಾಲೂಕಿನ ಕಕ್ಯಪದವಿನದು ಸತ್ಯ-ಧರ್ಮ, ಹೊಕ್ಕಾಡಿಗೋಳಿಯದು ವೀರ-ವಿಕ್ರಮ. ಮಿಯಾರಿನದು ಲವ-ಕುಶ. ಐಕಳದ್ದು ಕಾಂತಾಬಾರೆ-ಬೂದಾಬಾರೆ. ಎರಡು ಕರೆಗಳಿಗೆ ಎರಡು ಹೆಸರು. ತುಳುನಾಡಿನ ಅತಿ ದೊಡ್ಡ ಪಾಡ್ದನಗಳಲ್ಲೊಂದರ ವೀರರು ಕೋಟಿ ಚೆನ್ನಯರು. ಗದ್ದೆಯ ನೀರಿಗಾಗಿ ಬುದ್ಯಂತನೊಡನೆ ಜಗಳವಾದದ್ದು, ಪೆರುಮಾಳೆ ಬಲ್ಲಾಳನ ಮುನಿಸು, ಎಣ್ಮೂರಿನಲ್ಲಿ ಅವಳಿ ಸೋದರರ ಅಂತ್ಯ, ಹಾಡಿದರೆ ರಾತ್ರಿಗಟ್ಟಲೆ ಸಾಲದು. ಆ ಮಹಾಕಥೆಯನ್ನೆಲ್ಲ ಎರಡು ಹೆಸರುಗಳಿಗೆ ಇಳಿಸಿ, ಒಂದನ್ನು ಒಂದು ಕರೆಗೆ, ಇನ್ನೊಂದನ್ನು ಇನ್ನೊಂದು ಕರೆಗೆ ಇಟ್ಟು, ಮೈಕಿನಲ್ಲಿ ಕೂಗಿ, ಬಾವುಟ ಬೀಸಿ ಕೋಣ ಬಿಡುತ್ತಾರೆ. ಕೋಟಿ ಗೆಲ್ಲಬೇಕೋ ಚೆನ್ನಯ ಗೆಲ್ಲಬೇಕೋ ಎಂದು ಪಾಡ್ದನ ಏನನ್ನೂ ಹೇಳುವುದಿಲ್ಲ. ಕಥೆ ಅಲ್ಲಿದೆ, ಆದರೆ ಅದು ಓಟಕ್ಕೆ ಅಡ್ಡ ಬರುವುದಿಲ್ಲ.

ಮರುದಿನದ ಪತ್ರಿಕೆಯಲ್ಲಿ ಬರುವ ಫಲಿತಾಂಶವನ್ನು ನೋಡಿ. ಊರಿನ ಹೆಸರು, ಮನೆಯ ಹೆಸರು, ಯಜಮಾನರ ಹೆಸರು. ಆಮೇಲೆ “ಓಡಿಸಿದವರು” ಎಂದು ಒಂದು ಹೆಸರು. ಹಲಗೆ ವಿಭಾಗವಾದರೆ “ಹಲಗೆ ಮುಟ್ಟಿದವರು”. ಒಂದೇ ಯಜಮಾನರ ಎರಡು ಜೋಡಿಗಳಿದ್ದರೆ ‘ಎ’, ‘ಬಿ’ ಎಂದು ಬೇರೆ. ನಾಲ್ಕು ಸಾಲಿನ ಸುದ್ದಿ. ಅದನ್ನು ಓದಿ ನಮ್ಮೂರ ಹೋಟೆಲಿನಲ್ಲಿ ಎರಡು ಗಂಟೆ ಚರ್ಚೆ ನಡೆಯುತ್ತದೆ. ಆ ಕೋಣ ಹೋದ ವರ್ಷ ಯಾರ ಹಟ್ಟಿಯಲ್ಲಿತ್ತು, ಈ ಓಟಗಾರ ಆ ಮನೆ ಬಿಟ್ಟು ಈ ಮನೆಗೆ ಯಾಕೆ ಬಂದ, ಕಳೆದ ಶನಿವಾರ ಸೋತ ಜೋಡಿ ಈ ಸಲ ಹೇಗೆ ಗೆದ್ದಿತು. ಯಾರೂ ಬರೆದುಕೊಟ್ಟ ಕಥೆಯಲ್ಲ ಅದು. ಓಟಗಳು ಸಾಲುಸಾಲಾಗಿ ನಡೆದು ತಾವಾಗಿ ಹೆಣೆದುಕೊಂಡದ್ದು. ನವೆಂಬರಿನಿಂದ ಬೇಸಗೆಯವರೆಗೆ ವಾರವಾರವೂ ಬೆಳೆಯುತ್ತಲೇ ಇರುತ್ತದೆ.

ಹೊರಗಿನಿಂದ ಕಥೆ ತಂದು ಅಂಟಿಸಿದರೆ ಏನಾಗುತ್ತದೆ ಎಂಬುದನ್ನೂ ನಾವು ಕಣ್ಣಾರೆ ಕಂಡವರೇ. 2020ರ ಫೆಬ್ರವರಿಯ ಮೊದಲ ದಿನ ಐಕಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಜೋಡಿ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿತು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದು ತೆಗೆದರು. 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಅಷ್ಟು ಸಾಕಾಯಿತು, “ಭಾರತದ ಬೋಲ್ಟ್” ಎಂಬ ಕಥೆ ದೇಶವಿಡೀ ಹಬ್ಬಿತು. ಕೇಂದ್ರದ ಕ್ರೀಡಾ ಸಚಿವರು ಅವರನ್ನು ಟ್ರಯಲ್ಸ್‌ಗೆ ಕರೆದರು. ಆ ಕಥೆಯಲ್ಲಿ ಕೋಣಗಳು ಎಲ್ಲಿ ಹೋದವು? ಹಗ್ಗ ಹಿಡಿದವನನ್ನು ಅವು ಎಳೆದುಕೊಂಡು ಹೋಗುತ್ತವೆ ಎಂಬ ಸರಳ ವಿಷಯ ಎಲ್ಲಿ ಹೋಯಿತು? ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಗೌಡರೇ ವಿನಯದಿಂದ ಹಿಂದೆ ಸರಿದರು. ಇಡೀ ಗದ್ದಲದಲ್ಲಿ ವಿವೇಕದ ಮಾತಾಡಿದವರು ಅವರೊಬ್ಬರೇ ಎಂದು ನನ್ನ ಭಾವನೆ. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದಾಗ ದಿಲ್ಲಿಯ ವಾಹಿನಿಗಳ ಉತ್ಸಾಹ ಆಗಲೇ ಇಳಿದಿತ್ತು. ಕಥೆಗೆ ನಾಯಕನೊಬ್ಬ ಸಾಕು, ಎರಡನೆಯವನು ಬಂದರೆ ಅದಕ್ಕೆ ಕಿರಿಕಿರಿ. ಕಂಬಳಕ್ಕೆ ಹಾಗಲ್ಲ.

ಒಂದು ಮಾತನ್ನು ಒಪ್ಪಬೇಕು. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕಂಬಳ ನಿಲ್ಲುವ ಹಂತಕ್ಕೆ ಬಂದಾಗ, ಅದರ ಪರವಾಗಿ ಇತಿಹಾಸ, ನಂಬಿಕೆ, ಬೇಸಾಯದ ಬಾಂಧವ್ಯ ಎಲ್ಲವನ್ನೂ ಹೇಳಬೇಕಾಯಿತು. ಹೇಳಿದ್ದರಿಂದಲೇ ರಾಜ್ಯದ ತಿದ್ದುಪಡಿ ಕಾಯಿದೆ ಬಂತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕೋಣಗಳಿಗೆ ಹಿಂಸೆಯಾಗಬಾರದೆಂಬ ಎಚ್ಚರವನ್ನೂ ಅದೇ ವ್ಯಾಜ್ಯ ನಮಗೆ ಕಲಿಸಿತು, ಅದು ಒಳ್ಳೆಯದೇ. ಆದರೆ ಆ ಕಥೆ ಬೇಕಾದದ್ದು ವಕೀಲರಿಗೆ, ನ್ಯಾಯಾಲಯದಲ್ಲಿ. ಗಂತಿನಲ್ಲಿ ಕೋಣಗಳನ್ನು ತಿರುಗಿಸಿ ನಿಲ್ಲಿಸಲು ಹೆಣಗುತ್ತಿರುವವನ ಕಿವಿಯಲ್ಲಿ ಅದನ್ನು ಯಾರೂ ಊದುವುದಿಲ್ಲ.

ಇನ್ನು ಹತ್ತು ನಿಮಿಷಕ್ಕೆ ಬಿಟ್ಟುಬಿಡುತ್ತಾರೆ ಎಂಬ ಭಯ. ಕಥೆ ಇದ್ದರೆ ಬಿಡುವುದಿಲ್ಲವೆ? ಕಥೆ ಮುಗಿದ ದಿನ ಬಿಡುತ್ತಾರೆ. ಕೊನೆ ತಿಳಿದ ಮೇಲೆ ಮತ್ತೆ ಯಾಕೆ ಆಡಬೇಕು? 2014ರಲ್ಲಿ ಯೂಬಿಸಾಫ್ಟ್ ಕಂಪೆನಿಯ ‘ದಿ ಕ್ರೂ’ ಎಂಬ ಆಟ ಬಂತು. ಅಮೆರಿಕವಿಡೀ ಕಾರು ಓಡಿಸುವ ಆಟ. ಅದಕ್ಕೂ ಕೊಲೆಯಾದ ಅಣ್ಣನ ಸೇಡಿನ ಕಥೆ. (ಪಂದ್ಯದ ಆಟಗಳಲ್ಲಿ ಅಣ್ಣಂದಿರಿಗೆ ಆಯುಷ್ಯವಿಲ್ಲ.) ಅಂತರ್ಜಾಲದ ಮೂಲಕ ಕಂಪೆನಿಯ ಸರ್ವರಿಗೆ ಜೋಡಿಸಿದ್ದ ಆ ಆಟವನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿಬಿಟ್ಟರು. ಹಣ ಕೊಟ್ಟು ಕೊಂಡವರಿಗೂ ಅದು ತೆರೆಯದಂತಾಯಿತು. ಹತ್ತು ವರ್ಷ ತುಂಬುವ ಮುನ್ನವೇ ಕಥೆಯೂ ಇಲ್ಲ, ರಸ್ತೆಯೂ ಇಲ್ಲ. ‘ಔಟ್ ರನ್’ ಯಂತ್ರವನ್ನು ಜತನದಿಂದ ಇಟ್ಟುಕೊಂಡವನು ಇಂದಿಗೂ ನಾಣ್ಯ ಹಾಕಿ ಆಡಬಲ್ಲ.

ಆದ್ದರಿಂದ, ಮಗಾ, ಧನಿ, ತಂಗಿ, ಅಣ್ಣ ಈ ಮೂವರನ್ನೂ ಕೈಬಿಡು. ಅವರ ಮಾತು ಬರೆಸುವ ಖರ್ಚಿನಲ್ಲಿ ಒಂದು ರಾತ್ರಿ ಇಲ್ಲಿಗೆ ಬಂದು ಮೈಕಿನವರ ತುಳು ಕೂಗನ್ನು ಧ್ವನಿಮುದ್ರಿಸಿಕೋ. ಗಂತಿನಲ್ಲಿ ಎಷ್ಟು ಹೊತ್ತಾದರೂ ನಿಲ್ಲದೆ ಸತಾಯಿಸುವ ಕೋಣಗಳನ್ನು ಹಾಗೆಯೇ ಆಟಕ್ಕೆ ತಾ. ಮಂಜೊಟ್ಟಿ ಏರಿದ ಮೇಲೂ ನಿಲ್ಲದ ಅವುಗಳ ರಭಸವನ್ನೂ ತಾ. ಹಗ್ಗ, ನೇಗಿಲು, ಅಡ್ಡಹಲಗೆ ಎಲ್ಲವೂ ಇರಲಿ, ಆದರೆ ಮೊದಲು ಕನೆಹಲಗೆಯನ್ನು ಸರಿಯಾಗಿ ಮಾಡು. ಅದರಲ್ಲಿ ಪಕ್ಕದ ಕರೆಯವನನ್ನು ಹಿಂದೆ ಹಾಕುವ ಪ್ರಶ್ನೆಯೇ ಇಲ್ಲ. ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು, ಆರೂವರೆ ಕೋಲಿಗೋ ಏಳೂವರೆ ಕೋಲಿಗೋ. ತಾಗಿತೋ ಇಲ್ಲವೋ ಎಂದು ಸಾವಿರಾರು ಜನ ಕತ್ತೆತ್ತಿ ನೋಡುತ್ತಾರೆ. ಅದನ್ನು ಫೋನಿನ ಪರದೆಯ ಮೇಲೆ ಬಿಡಿಸುವುದು ಹೇಗೆಂದು ನನಗೆ ತಿಳಿಯದು, ಅದು ನಿನ್ನ ವಿದ್ಯೆ. ಕರೆಗಳ ಹೆಸರು, ವಿಭಾಗಗಳ ಹೆಸರು ತಪ್ಪಿಲ್ಲದೆ ಬರೆದುಕೊಡು ಎಂದರೆ ಇವತ್ತೇ ಕುಳಿತು ಬರೆಯುತ್ತೇನೆ, ಅಕ್ಷರ ತಿದ್ದಿದ ಬಾಬ್ತು ಏನೂ ಬೇಡ.